ನಾಣ್ಯಶಾಸ್ತ್ರ: ಕೂಡಿಡುವುದೇ ಬೇರೆ, ಓದುವುದೇ ಬೇರೆ

ಮುಂಬಯಿಯ ಕನ್ನಡ ಕಾರ್ಯಕ್ರಮಗಳ ಆಮಂತ್ರಣದಲ್ಲಿ ಹಳೆ ನಾಣ್ಯ ಕೂಡಿಟ್ಟವರ ಹೆಸರಿನ ಕೆಳಗೆ ‘ನಾಣ್ಯಶಾಸ್ತ್ರಜ್ಞರು’ ಎಂದು ಮತ್ತೆ ಮತ್ತೆ ಕಾಣುತ್ತಿದೆ. ಹಳೆ ಎರಡು ರೂಪಾಯಿಗೆ ಲಕ್ಷ ಸಿಗುತ್ತದೆ ಎನ್ನುವ ವಿಡಿಯೋದವರಿಗೂ ಅದೇ ಬಿರುದು. ಸಾಕು, ಈ ಬಿರುದನ್ನು ಹೀಗೆ ಹಂಚುವುದನ್ನು ಬಿಡೋಣ. ಕೂಡಿಡುವವರು ಸಂಗ್ರಾಹಕರು. ಅದೂ ಗೌರವದ ಮಾತೇ ಅಲ್ವಾ?

ನಾಣ್ಯಶಾಸ್ತ್ರ ಎಂದರೆ ನಾಣ್ಯವನ್ನು ದಾಖಲೆಯಾಗಿ ಓದುವುದು. ನಮ್ಮ ‘ನಾಣ್ಯ’ದ ಹಿಂದೆ ಸಂಸ್ಕೃತದ ‘ನಾಣಕ’ ಇದೆ. ಮರಾಠಿಯವರು ನಾಣಕಶಾಸ್ತ್ರ ಎಂದೇ ಕರೆಯುತ್ತಾರೆ. ಇದರ ಇಂಗ್ಲಿಷ್ ಹೆಸರು ‘ನ್ಯೂಮಿಸ್ಮ್ಯಾಟಿಕ್ಸ್’ ಬಂದದ್ದು ಗ್ರೀಕಿನ ‘ನೊಮಿಸ್ಮ’ದಿಂದ. ಅದರ ಬೇರು ‘ನೊಮೊಸ್’, ಅಂದರೆ ರೂಢಿ, ಕಟ್ಟಳೆ. ಬರೀ ಲೋಹದ ತುಂಡು ನಾಣ್ಯವಾಗುವುದಿಲ್ಲ. ಯಾರೋ ಮುದ್ರೆ ಒತ್ತಬೇಕು, ಜನ ಒಪ್ಪಿ ಚಲಾಯಿಸಬೇಕು. ಒತ್ತಿದವರು ಯಾರು, ಒಪ್ಪಿದವರು ಯಾರು ಎಂದು ಹುಡುಕುವುದೇ ಈ ಓದು.

ನಾಸಿಕ್ ಹತ್ತಿರದ ಜೋಗಲ್ತೆಂಭಿಯನ್ನೇ ನೋಡಿ. 1906ರಲ್ಲಿ ಅಲ್ಲಿ 13,000ಕ್ಕೂ ಜಾಸ್ತಿ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಎಲ್ಲವೂ ಪಶ್ಚಿಮ ಭಾರತವನ್ನು ಆಳಿದ ಕ್ಷತ್ರಪ ವಂಶದ ಅರಸ ನಹಪಾನನವು. ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಅವನನ್ನು ಸೋಲಿಸಿದ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಒತ್ತಿಸಿದ್ದಾನೆ. ಕರಗಿಸಿ ಹೊಸದು ಮಾಡುವ ಗೋಜಿಗೇ ಹೋಗಿಲ್ಲ. ನಹಪಾನನ ಮುಖದ ಮೇಲೆ ಶಾತಕರ್ಣಿಯ ಮುದ್ರೆಯ ಮೂರು ಕಮಾನಿನ ಬೆಟ್ಟ ಕೂತಿದೆ. ಅದರ ಅಡಿಯಿಂದ ಹಳೆಯ ಕೆನ್ನೆ, ಅಂಚಿನ ಗ್ರೀಕ್ ಅಕ್ಷರಗಳು ಇಣುಕುತ್ತವೆ. ಯಾರು ಸೋತರು, ಯಾರು ಗೆದ್ದರು ಎಂದು ಆ ಬೆಳ್ಳಿಯೇ ಹೇಳುತ್ತದೆ. ಒಂದೊಂದೇ ನಾಣ್ಯ ಒಬ್ಬೊಬ್ಬರ ಆಲ್ಬಂ ಸೇರಿದ್ದರೆ ಈ ಲೆಕ್ಕ ಸಿಗುತ್ತಲೇ ಇರಲಿಲ್ಲ. ಅದಕ್ಕೇ ನಾಣ್ಯ ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎಂಬುದು ಅದರ ಬೆಲೆಗಿಂತ ಮುಖ್ಯ.

ಇದಕ್ಕೆ ತರಬೇತಿ ಬೇಕು. ಬ್ರಾಹ್ಮಿ, ಖರೋಷ್ಠಿ, ಪರ್ಷಿಯನ್ ಲಿಪಿ ಓದಲು ಬರಬೇಕು. ತೂಕ, ಅಳತೆ, ಲೋಹ ಬರೆದಿಡಬೇಕು. ಎರಡು ನಾಣ್ಯ ಒಂದೇ ಅಚ್ಚಿನಿಂದ ಬಂದವೇ ಎಂದು ಪಕ್ಕಪಕ್ಕ ಇಟ್ಟು ಹೋಲಿಸಬೇಕು. ಇನ್ನೊಂದು ಮಾತು: ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಹೊಳಪಿನ ಆಸೆಗೆ ಅಕ್ಷರವೇ ಸವೆದು ಹೋಗುತ್ತದೆ, ಮತ್ತೆ ಬರುವುದಿಲ್ಲ.

ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬೇಸಿಗೆ ತರಬೇತಿ ಶುರು ಮಾಡಿದ್ದು 1952ರಲ್ಲಿ. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ನಾಣ್ಯಶಾಸ್ತ್ರ ಮತ್ತು ಪುರಾತತ್ತ್ವಕ್ಕೆಂದೇ ದಿನೇಶ್ ಮೋದಿ ಸಂಸ್ಥೆ ಇದೆ. ನಾಸಿಕ್ ಬಳಿಯ ಅಂಜನೇರಿಯಲ್ಲೂ ಒಂದು ಸಂಶೋಧನಾ ಸಂಸ್ಥೆ ಇದೆ. ಮನೆಯಲ್ಲಿ ನಾಣ್ಯದ ಹುಚ್ಚಿರುವ ಮಕ್ಕಳಿದ್ದರೆ ಇಲ್ಲಿಗೆ ಕಳಿಸಿ.