‘ಇವತ್ತೇ ಬಿಟ್ಟುಬಿಡು’ ಅನ್ನುವ ಮೊದಲು

ಅಯ್ಯಪ್ಪ ಮಾಲೆ ಹಾಕುವ ಕಾಲದಲ್ಲಿ ಮನೋವೈದ್ಯರ ಬಳಿಗೆ ಒಂದು ಬಗೆಯ ರೋಗಿಗಳು ಬರುತ್ತಾರೆ. ವರ್ಷಗಟ್ಟಲೆ ದಿನಾ ಕುಡಿದವರು, ವ್ರತಕ್ಕೆಂದು ಒಮ್ಮೆಲೇ ನಿಲ್ಲಿಸಿದವರು. ಮರುದಿನವೇ ಕೈ ನಡುಕ, ಬೆವರು, ನಿದ್ದೆ ಇಲ್ಲ. ಕೆಲವರಿಗೆ ಮೊದಲ ಎರಡು ದಿನದೊಳಗೇ ಫಿಟ್ಸ್ ಬರುತ್ತದೆ. ಇನ್ನು ಕೆಲವರು ಎರಡು-ಮೂರು ದಿನ ಕಳೆದ ಮೇಲೆ ಇಲ್ಲದವರ ಜೊತೆ ಮಾತಾಡುತ್ತಾರೆ, ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ. ಮನೆಯವರು ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಓಡುತ್ತಾರೆ. ಅಷ್ಟರಲ್ಲಿ ಜೀವಕ್ಕೇ ಅಪಾಯ ಬಂದಿರುತ್ತದೆ.

ಮದ್ಯ ಮಿದುಳನ್ನು ಮಂದ ಮಾಡುತ್ತದೆ. ದಿನಾ ಕುಡಿಯುವವರ ಮಿದುಳು ಅದಕ್ಕೆ ಎದುರಾಗಿ ತನ್ನ ಚಟುವಟಿಕೆ ಏರಿಸಿಕೊಂಡಿರುತ್ತದೆ. ಮದ್ಯ ದಿಢೀರನೆ ನಿಂತರೆ ಆ ಏರಿದ ಚಟುವಟಿಕೆಗೆ ತಡೆಯೇ ಇರುವುದಿಲ್ಲ. ಡಯಾಜೆಪಾಮ್‌ನಂಥ ಮಿದುಳನ್ನು ಶಾಂತಗೊಳಿಸುವ ಮಾತ್ರೆಯನ್ನು ವೈದ್ಯರ ನಿಗಾದಲ್ಲಿ ಕೆಲವು ದಿನ ಕೊಟ್ಟು, ದಿನೇ ದಿನೇ ಇಳಿಸುತ್ತಾ, ಜೊತೆಗೆ ಬಿ1 ವಿಟಮಿನ್ ಕೊಟ್ಟರೆ ಹೆಚ್ಚಿನವರು ಈ ಘಟ್ಟ ದಾಟುತ್ತಾರೆ. ಇದರಲ್ಲಿ ದುಬಾರಿ ಔಷಧ ಯಾವುದೂ ಇಲ್ಲ.

ನಮ್ಮ ಜಾಗೃತಿ ಕಾರ್ಯಕ್ರಮಗಳ ಬಗ್ಗೆ ನನ್ನ ತಕರಾರು ಇಲ್ಲೇ ಇದೆ. ಮಾದಕ ವಸ್ತು ವಿರೋಧಿ ದಿನವಾದ ಜೂನ್ 26 ಬಂತೆಂದರೆ ಮಕ್ಕಳ ಕೈಗೆ ಫಲಕ ಕೊಟ್ಟು ಜಾಥಾ ಮಾಡಿಸುತ್ತೇವೆ. ‘ಕುಡಿತ ಬಿಡಿ’ ಎಂದು ಕೂಗಿಸುತ್ತೇವೆ. ಎಲ್ಲಿಗೆ ಹೋಗಿ ಬಿಡಬೇಕು, ಬಿಡುವಾಗ ಏನಾಗಬಹುದು ಅಂತ ಯಾರೂ ಹೇಳುವುದಿಲ್ಲ. ಕುಡಿತ ಕೆಟ್ಟದ್ದು ಅನ್ನುವುದು ಕುಡಿಯುವವನಿಗೆ ಗೊತ್ತಿಲ್ವಾ? ಅವನ ಹೆಂಡತಿಗೆ, ಊರಿನ ಆಶಾ ಕಾರ್ಯಕರ್ತೆಗೆ ಬೇಕಾಗಿರುವುದು ಈ ಉಳಿದರ್ಧ ಮಾಹಿತಿ.

ಏಮ್ಸ್ ತಂಡ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ ಎನ್ನುತ್ತದೆ ಅದು. ಉಳಿದವರ ಮನೆಗಳಲ್ಲಿ ಆಣೆ, ಬೈಗುಳ, ಹೊಡೆತ. ಜೊತೆಗೆ ‘ಗೊತ್ತಾಗದಂತೆ ಸಾರಿಗೆ ಬೆರೆಸಿ’ ಎಂದು ಮಾರುವ ಪುಡಿಗಳು. ಇವು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತವೆ. ಇಂಥ ಪುಡಿಯಲ್ಲಿ ಇರಬಹುದಾದ ಡೈಸಲ್ಫಿರಾಮ್ ಎಂಬ ಔಷಧ ತೆಗೆದುಕೊಂಡವರು ಕುಡಿದರೆ ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯಬಹುದು. ಅದನ್ನು ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೇ ಕೊಡಬೇಕು. ಪೊಟ್ಟಣದೊಳಗೆ ಏನಿದೆ ಅಂತಲೇ ತಿಳಿಯದ ಪುಡಿಯನ್ನು ದಯವಿಟ್ಟು ಯಾರ ಊಟಕ್ಕೂ ಹಾಕಬೇಡಿ.

ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಬರಬೇಕೆಂದಿಲ್ಲ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದ, ಹತ್ತಿರದ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮೊದಲು ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ. ಫಿಟ್ಸ್ ಬಂದಿದ್ದರೆ ಅಥವಾ ಮಾತು ಅಡ್ಡಾದಿಡ್ಡಿ ಆಗಿದ್ದರೆ ಫೋನಿನಲ್ಲಿ ಹೊತ್ತು ಕಳೆಯದೆ ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಬಿಟ್ಟವರು ಮತ್ತೆ ಕುಡಿದರೆ ಚಿಕಿತ್ಸೆ ಸೋತಿತು ಅಂತಲ್ಲ. ಶುಗರ್ ಏರಿದರೆ ಔಷಧ ಬದಲಿಸಿ ಮುಂದುವರಿಸುತ್ತೇವಲ್ಲ, ಇದೂ ಹಾಗೇ. ಕರೆದುಕೊಂಡು ಬರುವಾಗ ಕೊನೆಗೆ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಬೇರೆ ಏನು ಮಾತ್ರೆ ನುಂಗುತ್ತಾರೆ ಎಂದು ಬರೆದು ತನ್ನಿ.