ಒಮ್ಮೆ ಮುಚ್ಚಿದ ಬಾಗಿಲು: ಸ್ಮಾರಕಗಳ ಭದ್ರತೆಗೆ ಲಿಬರ್ಟೇರಿಯನ್ ಟೀಕೆ

ಸ್ಮಾರಕಗಳ ಭದ್ರತೆಯನ್ನು ಲಿಬರ್ಟೇರಿಯನ್ನರು ಯಾಕೆ ಟೀಕಿಸುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ, ಅವರಿಗೆ ಭದ್ರತೆಯೇ ಬೇಡ ಎಂದು ಬರೆದುಬಿಡಬೇಡಿ. ಜನರ ಬದುಕು, ಆಸ್ತಿ, ಓಡಾಟದಲ್ಲಿ ಸರ್ಕಾರ ಆದಷ್ಟು ಕಡಿಮೆ ಕೈಹಾಕಬೇಕು ಎನ್ನುವುದು ಅವರ ನಿಲುವು. ಹಾಗಾಗಿ ಸ್ಮಾರಕದ ಬಾಗಿಲಲ್ಲಿ ಅವರು ಎರಡು ಪ್ರಶ್ನೆ ಕೇಳುತ್ತಾರೆ. ಈ ನಿರ್ಬಂಧ ಯಾವ ಅಪಾಯವನ್ನು ತಡೆಯುತ್ತದೆ? ಇದು ಮುಗಿಯುವುದು ಯಾವಾಗ?

ಎರಡನೆಯದೇ ಗಟ್ಟಿ ಪ್ರಶ್ನೆ. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯನ್ನು ನೋಡಿ. ಮೊದಲ ಮಹಾಯುದ್ಧದ ಕಾಲ, 1916ರ ಜುಲೈನಲ್ಲಿ ಹತ್ತಿರದ ಬ್ಲ್ಯಾಕ್ ಟಾಮ್ ಎಂಬ ಜಾಗದಲ್ಲಿದ್ದ ಮದ್ದುಗುಂಡನ್ನು ಜರ್ಮನ್ ಏಜೆಂಟರು ಸ್ಫೋಟಿಸಿದರು. ಪ್ರತಿಮೆಗೂ ಪೆಟ್ಟು ಬಿತ್ತು. ಅದರ ಕೈಯಲ್ಲಿರುವ ಪಂಜಿನವರೆಗೆ ಹತ್ತುವುದು ನಿಂತಿತು. ಯುದ್ಧ ಮುಗಿಯಿತು, 1986ರ ಹೊತ್ತಿಗೆ ಪಂಜನ್ನೇ ಬದಲಾಯಿಸಿದರು. ಜನರಿಗೆ ಅಲ್ಲಿಗೆ ಇವತ್ತಿಗೂ ಬಿಡುವುದಿಲ್ಲ.

ಇನ್ನು ಕಿರೀಟ. 2001ರ ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಪ್ರತಿಮೆ ಮುಚ್ಚಿತು. 2004ರಲ್ಲಿ ಪೀಠ ತೆರೆಯಿತು, ಕಿರೀಟ ತೆರೆಯಲಿಲ್ಲ. ಮೆಟ್ಟಿಲು ತುಂಬ ಇಕ್ಕಟ್ಟು, ಬೆಂಕಿ ಬಿದ್ದರೆ ಇಳಿಯುವುದು ಕಷ್ಟ ಎಂದರು ಅಧಿಕಾರಿಗಳು. ಮಾತು ಸುಳ್ಳಲ್ಲ. ಸುರುಳಿ ಮೆಟ್ಟಿಲು, ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ಆದರೆ 2001ಕ್ಕೆ ಮೊದಲೂ ಅದು ಅಷ್ಟೇ ಇಕ್ಕಟ್ಟಾಗಿತ್ತು ಅಲ್ವಾ? ಮುಚ್ಚಿದ್ದು ಒಂದು ಕಾರಣಕ್ಕೆ, ಮುಚ್ಚಿಯೇ ಇಟ್ಟದ್ದು ಇನ್ನೊಂದಕ್ಕೆ. ನನಗೆ ಇಡೀ ಟೀಕೆ ಅರ್ಥವಾದದ್ದೇ ಇಲ್ಲಿ. ಕೊನೆಗೆ 2009ರ ಜುಲೈ 4ರಂದು ಕಿರೀಟ ತೆರೆಯಿತು, ಗಂಟೆಗೆ 30 ಜನರಿಗೆ ಮಾತ್ರ.

ಅರ್ಥಶಾಸ್ತ್ರಜ್ಞ ರಾಬರ್ಟ್ ಹಿಗ್ಸ್ ಇದಕ್ಕೆ ರ್‍ಯಾಚೆಟ್ ಪರಿಣಾಮ ಎನ್ನುತ್ತಾರೆ. ವಿದ್ಯುತ್ ವೈರ್‌ಗಳನ್ನು ಒಟ್ಟಿಗೆ ಕಟ್ಟುವ ಪ್ಲಾಸ್ಟಿಕ್ ಕೇಬಲ್ ಟೈ ನೆನಪಿಸಿಕೊಳ್ಳಿ. ಎಳೆದಷ್ಟೂ ಬಿಗಿಯಾಗುತ್ತದೆ, ಹಿಂದಕ್ಕೆ ಸರಿಯುವುದಿಲ್ಲ. ಸರ್ಕಾರದ ಅಧಿಕಾರ ಸಂಕಟ ಕಳೆದ ಮೇಲೆ ಸ್ವಲ್ಪ ಸಡಿಲವಾಗುತ್ತದೆ, ಆದರೆ ಹಳೆಯ ಮಟ್ಟಕ್ಕೆ ಇಳಿಯುವುದಿಲ್ಲ ಎನ್ನುವುದು ಹಿಗ್ಸ್ ವಾದ. ಯಾಕೆ ಹೀಗೆ? ಅಧಿಕಾರಿಯ ಜಾಗದಲ್ಲಿ ನಿಂತು ಯೋಚಿಸಿ. ಬೇಲಿ ತೆಗೆಸಿದ ಮರುದಿನ ಅನಾಹುತವಾದರೆ ಎಲ್ಲರೂ ಅವರನ್ನೇ ಹಿಡಿಯುತ್ತಾರೆ. ಬೇಲಿ ಸುಮ್ನೆ ಉಳಿದರೆ ಕೇಳುವವರಿಲ್ಲ.

ಟೀಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1995ರಲ್ಲಿ ಒಕ್ಲಹಾಮ ನಗರದಲ್ಲಿ ಒಂದು ಟ್ರಕ್ ಬಾಂಬ್ 168 ಜನರನ್ನು ಕೊಂದಿತು. ವಾಹನವನ್ನು ದೂರ ತಡೆಯುವುದಕ್ಕೆ ಕಾರಣ ಇದೆ. ವಾಷಿಂಗ್ಟನ್ ಸ್ಮಾರಕದ ಸುತ್ತ ಬಾಗಿ ಹೋಗುವ ಗ್ರಾನೈಟ್ ಗೋಡೆ ಲಾರಿಯನ್ನು ನಿಲ್ಲಿಸುತ್ತದೆ. ಕುಳಿತುಕೊಳ್ಳುವಷ್ಟೇ ಎತ್ತರ. ನಡೆದು ಬರುವವರನ್ನು ಅದು ಏನೂ ಕೇಳುವುದಿಲ್ಲ. ಬ್ಯಾಗ್ ತಪಾಸಣೆ ಮಾತ್ರ ಬಂದವರೆಲ್ಲರ ಮೇಲೂ ಅನುಮಾನ ಪಡುತ್ತದೆ. ಉತ್ತರದಲ್ಲಿ ಇವೆರಡನ್ನೂ ಒಂದೇ ಮಾಡಬೇಡಿ.

ಬೆಂಜಮಿನ್ ಫ್ರಾಂಕ್ಲಿನ್ ಮಾತನ್ನೂ ಜೋಪಾನವಾಗಿ ಬಳಸಿ. ತಾತ್ಕಾಲಿಕ ಸುರಕ್ಷತೆಗೆ ಸ್ವಾತಂತ್ರ್ಯ ಬಿಟ್ಟುಕೊಡುವವರು ಎರಡಕ್ಕೂ ಅರ್ಹರಲ್ಲ ಎನ್ನುವ ಆ ಸಾಲು 1755ರದ್ದು. ಗಡಿ ರಕ್ಷಣೆಯ ಖರ್ಚಿಗೆ ಆ ವಸಾಹತಿನ ಒಡೆಯರಾದ ಪೆನ್ ಕುಟುಂಬದ ಜಮೀನಿಗೂ ತೆರಿಗೆ ಹಾಕಬಹುದೇ ಎಂದು ಪೆನ್ಸಿಲ್ವೇನಿಯದ ಶಾಸನಸಭೆ ಗವರ್ನರ್ ಜೊತೆ ಜಗಳವಾಡುತ್ತಿದ್ದಾಗ ಬರೆದದ್ದು. ಬೇಲಿ, ತಪಾಸಣೆಗಳ ಬಗ್ಗೆ ಹೇಳಿದ ಮಾತಲ್ಲ.