ಹೊಸಬರು, ಹಳಬರು ಎಲ್ಲರಿಗೂ ಒಂದೇ ಥರ ಹೇಳಬೇಕಾ?

ಪ್ರಶ್ನೆ: ಮದ್ದೂರು ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಈಗ ಲೈನ್ ಸೂಪರ್‌ವೈಸರ್ ಮಾಡಿದ್ದಾರೆ. ಹೊಸ ಹುಡುಗಿಯರಿಗೆ ಹೇಳಿದ ಹಾಗೆ ಹಳಬರಿಗೂ ಹೇಳಿದರೆ, ‘ನೀನು ಬರೋಕ್ ಮುಂಚೆಯಿಂದ ಹೊಲೀತಿದೀನಿ ಕಣವ್ವ’ ಅಂತಾರೆ. ಸುಮ್ನೆ ಬಿಟ್ಟರೆ ಹೊಸಬರ ಪೀಸೆಲ್ಲ ಚೆಕಿಂಗ್‌ನಿಂದ ವಾಪಸ್ ಬರುತ್ತೆ. ಎಲ್ಲರನ್ನೂ ಒಂದೇ ಥರ ನೋಡೋದು ತಾನೇ ನ್ಯಾಯ?

ಉತ್ತರ: ಮರ್ಯಾದೆ, ರಜೆ, ಮಾತಾಡುವ ದನಿ, ಇವು ಎಲ್ಲರಿಗೂ ಒಂದೇ ಇರಲೇಬೇಕು. ಇದರಲ್ಲಿ ರಾಜಿ ಬೇಡ. ಆದರೆ ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಅದು ಭೇದಭಾವ ಅಲ್ಲ.

ಜನರಿಂದ ಕೆಲಸ ಮಾಡಿಸುವ ಬಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಈ ವಿಚಾರ ಮುಂದಿಟ್ಟರು. ಅದರ ತಿರುಳು ಎರಡೇ ಪ್ರಶ್ನೆ. ಈ ಕೆಲಸ ಅವರಿಗೆ ಬರುತ್ತಾ? ಮಾಡುವ ಮನಸ್ಸು, ಧೈರ್ಯ ಇದೆಯಾ? ಉತ್ತರ ನೋಡಿಕೊಂಡು ನಾಲ್ಕು ರೀತಿಯಲ್ಲಿ ನಡೆದುಕೊಳ್ಳಬಹುದು: ಹಂತ ಹಂತವಾಗಿ ಹೇಳಿ ಮಾಡಿಸುವುದು, ಕಾರಣ ಹೇಳುತ್ತಾ ತಿದ್ದುವುದು, ಅವರ ಮಾತು ಕೇಳಿ ಬೆಂಬಲಕ್ಕೆ ನಿಲ್ಲುವುದು, ಕೆಲಸ ಒಪ್ಪಿಸಿ ಬಿಡುವುದು.

‘ಈ ಕೆಲಸ’ ಅನ್ನುವ ಮಾತನ್ನು ಮರೆಯಬೇಡಿ. ವರ್ಷಗಟ್ಟಲೆ ಓವರ್‌ಲಾಕ್ ಮೆಷಿನ್‌ನಲ್ಲಿ ಬಟ್ಟೆಯ ಸೈಡ್ ಹೊಲಿದ ಅಕ್ಕನಿಗೆ ಸ್ಟೈಲ್ ಬದಲಾದಾಗ ಕಾಲರ್ ಕೊಟ್ಟರೆ, ಆ ಕೆಲಸಕ್ಕೆ ಅವರೂ ಹೊಸಬರೇ. ಹಳಬರು ಅಂತ ನೀವು ಸುಮ್ಮನಾಗುತ್ತೀರಿ, ತಾನು ಹಳಬಳು ಅಂತ ಅವರೂ ನಿಮ್ಮನ್ನು ಕೇಳಿ ತಿಳಿದುಕೊಳ್ಳುವುದಿಲ್ಲ. ‘ಅಕ್ಕ, ಸೈಡ್ ಬಗ್ಗೆ ನಾನೇನೂ ಹೇಳಲ್ಲ, ನಿಮಗೇ ಚೆನ್ನಾಗಿ ಗೊತ್ತು. ಕಾಲರ್‌ಗೆ ಮಾತ್ರ ಎರಡು ದಿನ ಪಕ್ಕದಲ್ಲಿ ಇರ್ತೀನಿ’ ಅಂತ ಮೊದಲೇ ಹೇಳಿಬಿಡಿ. ಯಾಕೆ ಹತ್ತಿರ ನಿಂತಿದ್ದೀರಿ ಅಂತ ಗೊತ್ತಾದರೆ ಅರ್ಧ ಮುನಿಸು ಅಲ್ಲೇ ಇಳಿಯುತ್ತದೆ.

ಹೊಸಬರಿಗೆ ‘ನೋಡ್ಕೊಂಡು ಕಲಿ’ ಅಂದರೆ ಸಾಲದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವೇ ಇಲ್ಲದ ಜನ ರಾಶಿ ರಾಶಿ ಬಂದರು. ಆಗ ಸೂಪರ್‌ವೈಸರ್‌ಗಳಿಗೆ ಕಲಿಸಿದ ಕ್ರಮ ನಿಮ್ಮ ಲೈನಿಗೂ ಹೊಂದುತ್ತದೆ. ಮೊದಲು ಭಯ ಬಿಡಿಸಿ, ಎಷ್ಟು ಗೊತ್ತಿದೆ ಅಂತ ಕೇಳಿ. ಆಮೇಲೆ ನಿಧಾನಕ್ಕೆ ಮಾಡಿ ತೋರಿಸಿ. ಮೂರನೆಯದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ: ಅವರ ಕೈಯಲ್ಲೇ ಮಾಡಿಸಿ, ಏನು ಮಾಡುತ್ತಿದ್ದೇನೆ, ಯಾಕೆ ಅಂತ ಬಾಯಲ್ಲಿ ಹೇಳಿಸಬೇಕು. ಬಾಯಲ್ಲಿ ಹೇಳಲು ಬಾರದಿದ್ದರೆ ಇನ್ನೂ ಅರ್ಥವಾಗಿಲ್ಲ ಅಂತ. ಕೊನೆಗೆ ಒಬ್ಬರನ್ನೇ ಬಿಡಿ, ಮೊದಮೊದಲು ಪದೇ ಪದೇ, ಆಮೇಲೆ ಅಪರೂಪಕ್ಕೆ ಬಂದು ನೋಡಿ.

ನನ್ನ ಪ್ರಕಾರ ನಿಜವಾಗಿ ಕಷ್ಟ ಇರುವುದು ಇದರ ನಂತರದ ಘಟ್ಟದಲ್ಲಿ. ಸೇರಿದಾಗ ಉತ್ಸಾಹ ಇರುತ್ತದೆ. ಸ್ವಲ್ಪ ದಿನಕ್ಕೆ ಪಕ್ಕದವರ ಬಂಡಲ್ ಖಾಲಿಯಾಗುತ್ತದೆ, ತನ್ನದು ಹಾಗೇ ಬಿದ್ದಿರುತ್ತದೆ. ‘ಇದು ನನ್ನ ಕೈಲಿ ಆಗಲ್ಲ’ ಅನಿಸುವುದು ಆಗಲೇ. ಬೈಗುಳ ಜಾಸ್ತಿ ಬೀಳುವುದೂ ಆಗಲೇ, ‘ಇಷ್ಟು ದಿನ ಆಯ್ತು, ಇನ್ನೂ ಬರಲ್ವಾ’ ಅಂತ. ಕೆಲಸ ಬಿಟ್ಟು ಊರಿಗೆ ಹೋಗುವ ಹುಡುಗಿಯರಲ್ಲಿ ಎಷ್ಟೋ ಜನ ಕಲಿಯಲಾಗದೆ ಹೋದವರಲ್ಲ, ಈ ಘಟ್ಟದಲ್ಲಿ ಯಾರೂ ಕೈಹಿಡಿಯದೆ ಹೋದವರು. ಈಗ ತಿದ್ದುವುದೂ ಬೇಕು, ಧೈರ್ಯವೂ ಬೇಕು. ಸರಿಯಾಗಿ ಬಂದ ಪೀಸನ್ನು ಅವರ ಕಣ್ಣೆದುರೇ ಎತ್ತಿ ತೋರಿಸಿ. ತಪ್ಪಾದ ಪೀಸಿನಲ್ಲಿ ಎಲ್ಲಿ ಬಟ್ಟೆ ಎಳೆದಿದೆ ಅಂತ ಒಂದೇ ಒಂದು ವಿಷಯ ಹೇಳಿ. ಲೈನ್ ತುಂಬಾ ಕೇಳುವ ಹಾಗೆ ಹೇಳಬೇಡಿ.

ಪೂರ್ತಿ ಪಳಗಿದವರ ಹಿಂದೆ ನಿಲ್ಲುವುದು ಬೇಡ. ಅವರಿಗೆ ಹೊಸಬರೊಬ್ಬರನ್ನು ಒಪ್ಪಿಸಿ. ಆದರೆ ಅದಕ್ಕೆ ಹಿಡಿಯುವ ಹೊತ್ತಿಗೆ ತಕ್ಕಂತೆ ಅವರ ಟಾರ್ಗೆಟ್ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಅದು ಬಿಟ್ಟಿ ದುಡಿಮೆಯಾಗುತ್ತದೆ.

ಹರ್ಸಿ, ಬ್ಲಾಂಚರ್ಡ್ ಹೇಳಿದ್ದನ್ನು ಅಳತೆಪಟ್ಟಿಯಂತೆ ಹಿಡಿಯಬೇಡಿ. 1987ರಲ್ಲಿ ರಾಬರ್ಟ್ ವೆಕ್ಕಿಯೊ ಎಂಬ ಸಂಶೋಧಕ ಅದನ್ನು ಹೈಸ್ಕೂಲ್ ಶಿಕ್ಷಕರ ನಡುವೆ ಪರೀಕ್ಷಿಸಿದಾಗ, ಹೊಸದಾಗಿ ಸೇರಿದವರಿಗೆ ಅದು ಚೆನ್ನಾಗಿ ಹೊಂದಿತು, ಅನುಭವಿಗಳಿಗೆ ಅಷ್ಟು ಹೊಂದಲಿಲ್ಲ. ಹಾಗಾಗಿ ಹಳಬರ ವಿಷಯದಲ್ಲಿ ಊಹೆ ಮಾಡುವುದಕ್ಕಿಂತ ಕೇಳುವುದೇ ವಾಸಿ: ‘ಅಕ್ಕ, ಇದರಲ್ಲಿ ನನ್ನಿಂದ ಏನು ಬೇಕು?’

ಒಂದು ಮಾತು ಮಾತ್ರ ನಿಮ್ಮ ಮೇಲಿನವರ ಹತ್ತಿರ ಆಡಲೇಬೇಕು. ಮೊದಲ ವಾರದಿಂದಲೇ ಹೊಸಬರಿಗೂ ಪೂರ್ತಿ ಟಾರ್ಗೆಟ್ ಹಾಕಿದರೆ ನೀವು ಎಷ್ಟೇ ತಾಳ್ಮೆಯಿಂದ ಕಲಿಸಿದರೂ ನಡೆಯುವುದಿಲ್ಲ. ಕೈ ಕುದುರುವ ತನಕ ಅವರ ಲೆಕ್ಕ ಬೇರೆ ಇಡಿ ಅಂತ ಪ್ರೊಡಕ್ಷನ್ ಮ್ಯಾನೇಜರನ್ನು ಕೇಳಿ. ಕೇಳುವಾಗ ವಾಪಸ್ ಬಂದ ಪೀಸುಗಳ ಲೆಕ್ಕ ಕೈಯಲ್ಲಿರಲಿ.